ಸ್ಕ್ರೀನ್ ಮಾತಾಡಿದ ಕಥೆ

ಭಾಗ 1/10: ನನ್ನ ವಿಜಯನಗರ, ಅವನಿಗೆ ಬರೀ ಹತ್ತು ಫೋಟೋ

ಫೋಟೋದಲ್ಲಿ: ಕ್ಲಾಸ್‌ರೂಮಿನ ಬೆಂಚು. ಮೇಲೆ ಒಂದು ಲ್ಯಾಪ್‌ಟಾಪ್, ಸ್ಕ್ರೀನ್ ಪೂರ್ತಿ ಕಪ್ಪು. ಪಕ್ಕದಲ್ಲಿ ಇಯರ್‌ಫೋನ್.

ಈ ಸಲ ಸ್ಲೈಡ್ಸ್ ಇಲ್ಲ. ಎರಡು ವರ್ಷದಿಂದ ಈ ಪೇಜ್‌ನಲ್ಲಿ ಇತಿಹಾಸದ ಕಥೆಗಳನ್ನ ಬಣ್ಣಬಣ್ಣದ ಸ್ಲೈಡ್ ಮಾಡಿ ಹಾಕ್ತಾ ಬಂದಿದ್ದೀನಿ. ಈ ಸರಣಿಯನ್ನ ಮಾತ್ರ ಪೂರ್ತಿ ಕ್ಯಾಪ್ಷನ್‌ನಲ್ಲೇ ಬರೀತಿದ್ದೀನಿ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದಾನೆ. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣಲ್ಲ. ಹೆಸರು ಹಾಕಬೇಡ ಅಂದಿದ್ದಾನೆ, ಹಾಗಾಗಿ ಇಲ್ಲಿ ಅವನನ್ನ 'ದೋಸ್ತ್' ಅಂತಲೇ ಕರೀತೀನಿ. ಇಂಟರ್ನಲ್ಸ್‌ಗೆ ಒಂದು ವಾರ ಇರುವಾಗ ನಾನು ವಿಜಯನಗರದ ಬಗ್ಗೆ ಹತ್ತು ಸ್ಲೈಡಿನ ಪೋಸ್ಟ್ ಹಾಕಿದ್ದೆ. ಕ್ಲಾಸಿನ ಅರ್ಧ ಜನ ಸೇವ್ ಮಾಡ್ಕೊಂಡಿದ್ರು. ನಾನು ಫುಲ್ ಖುಷಿ. ಕ್ಯಾಂಟೀನಲ್ಲಿ ದೋಸ್ತ್‌ನ ಕೇಳಿದೆ, "ನನ್ನ ಪೋಸ್ಟ್ ಓದಿದ್ಯೇನೋ?"

ಅವನು ಮಾತಾಡ್ಲಿಲ್ಲ. ಇಯರ್‌ಫೋನ್ ಕಿತ್ತು, ವಾಲ್ಯೂಮ್ ಜಾಸ್ತಿ ಮಾಡಿ, ಫೋನನ್ನ ನನ್ನ ಕಡೆ ತಿರುಗಿಸಿದ. ಫೋನು ನನ್ನ ಪೇಜಿನ ಹೆಸರು ಹೇಳಿತು. ಆಮೇಲೆ "ಫೋಟೋ" ಅಂತು. ಅವನು ಬೆರಳು ಸರಿಸಿದ. ಮತ್ತೆ "ಫೋಟೋ". ಇನ್ನೊಂದು ಸಲ ಸರಿಸಿದ. "ಫೋಟೋ". ಹೀಗೆ ಹತ್ತು ಸಲ ಆಯ್ತು.

"ನನಗೆ ಇಷ್ಟೇ ಕಣೋ ನಿನ್ನ ವಿಜಯನಗರ," ಅಂದ.

ಬೈದಿದ್ರೆ ಪರವಾಗಿರ್ಲಿಲ್ಲ. ಅವನು ನಕ್ಕುಬಿಟ್ಟ. ಅದು ಇನ್ನೂ ಜಾಸ್ತಿ ಚುಚ್ಚಿತು. ನಾನು ಬರೆದ ಪ್ರತಿ ಅಕ್ಷರವೂ ಆ ಸ್ಲೈಡ್‌ಗಳಲ್ಲಿತ್ತು. ಆದ್ರೆ ಅಕ್ಷರವಾಗಿ ಅಲ್ಲ, ಅಕ್ಷರದ ಚಿತ್ರವಾಗಿ. ಅವನ ಫೋನು ಅಕ್ಷರ ಓದುತ್ತೆ. ಚಿತ್ರದ ಮುಂದೆ ನಿಂತುಬಿಡುತ್ತೆ.

ಆವತ್ತು ಮನೆಗೆ ಬಂದವನೇ ಹುಡುಕೋಕೆ ಶುರು ಮಾಡಿದೆ. ಸ್ಕ್ರೀನ್ ರೀಡರ್ ಅಂದ್ರೇನು? ಅದನ್ನ ಮಾಡಿದ್ದು ಯಾರು? ಯಾವಾಗ? ಅಲ್ಲಿ ಸಿಕ್ಕ ಕಥೆಯಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ನಡೆಯುತ್ತೆ. ಕಂಪ್ಯೂಟರ್ ಕಣ್ಣಿರುವವರಿಗೆ ಸುಲಭ ಆದಾಗಲೆಲ್ಲ ಕಣ್ಣಿಲ್ಲದವರು ಹೊರಗುಳಿದಿದ್ದಾರೆ. ಪ್ರತಿ ಸಲವೂ ಯಾರೋ ಹಟ ಹಿಡಿದು ಅವರಿಗೆ ದಾರಿ ಮಾಡಿದ್ದಾರೆ. ಆ ಹಟ ಹಿಡಿದವರಲ್ಲಿ ಎಷ್ಟೋ ಜನ ಅಂಧರೇ.

ಭಾಗ 2/10: ಬೆರಳಿಂದ ಕಿವಿಗೆ

ಫೋಟೋದಲ್ಲಿ: ದಪ್ಪ ಕಾಗದದ ಮೇಲೆ ಉಬ್ಬಿದ ಬ್ರೈಲ್ ಚುಕ್ಕಿಗಳು. ಒಂದು ತೋರುಬೆರಳು ಸಾಲಿನ ಮೇಲಿದೆ.

ಕಂಪ್ಯೂಟರ್‌ಗಿಂತ ಮುಂಚಿನ ಕಥೆ ಸ್ವಲ್ಪ ನೋಡೋಣ. ಲೂಯಿ ಬ್ರೈಲ್ ಹೆಸರನ್ನ ನೀವೆಲ್ಲ ಶಾಲೆಯಲ್ಲೇ ಕೇಳಿರ್ತೀರಿ. 1809ರಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಲ್ಲಿ ಹುಟ್ಟಿದವರು. ಅಪ್ಪ ಕುದುರೆಯ ಜೀನು, ಲಗಾಮು ಮಾಡುವವರು. ಮೂರು ವರ್ಷದ ಹುಡುಗ ಅಪ್ಪನ ಚೂಪಾದ ಉಪಕರಣ ಹಿಡಿದು ಆಡ್ತಾ ಕಣ್ಣಿಗೆ ಚುಚ್ಚಿಕೊಂಡ. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋದವು. ಅದೇ ಹುಡುಗ 15ನೇ ವಯಸ್ಸಿಗೆಲ್ಲ ಆರು ಚುಕ್ಕಿಗಳ ಲಿಪಿಯನ್ನ ಹೆಚ್ಚುಕಡಿಮೆ ಸಿದ್ಧಮಾಡಿದ್ದ. 1829ರಲ್ಲಿ ಅದು ಪುಸ್ತಕವಾಗಿ ಬಂತು. ಆರು ಚುಕ್ಕಿಗಳಿಂದ 63 ಬೇರೆ ಬೇರೆ ಗುರುತು ಮಾಡಬಹುದು. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಪದ್ಧತಿ ಅಂತ 'ಭಾರತಿ ಬ್ರೈಲ್' ಬಂದಿದ್ದು 1951ರಲ್ಲಿ. ಕನ್ನಡ ಬ್ರೈಲ್ ಕೂಡ ಅದರದ್ದೇ ಭಾಗ.

ಬ್ರೈಲ್ ಇಲ್ಲದಿದ್ರೆ ಏನೂ ಇರ್ತಿರಲಿಲ್ಲ, ನಿಜ. ಆದ್ರೆ ಒಂದು ಕಷ್ಟ ಇದೆ. ಯಾರಾದ್ರೂ ಕೂತು ಪುಸ್ತಕವನ್ನ ಬ್ರೈಲ್‌ಗೆ ಇಳಿಸಿಕೊಡಬೇಕು. "ನಿಮಗೆ ಒಂದು ಟೆಕ್ಸ್ಟ್‌ಬುಕ್ ಅಂದ್ರೆ ನನಗೆ ಒಂದು ಚೀಲ," ಅಂತಾನೆ ದೋಸ್ತ್. ಸಿಕ್ಕಿದ್ರೆ ಚೀಲ. ಇವತ್ತಿನ ಪೇಪರ್, ಬ್ಯಾಂಕಿಂದ ಬಂದ ಪತ್ರ, ನೋಟಿಸ್ ಬೋರ್ಡಿನ ಟೈಮ್‌ಟೇಬಲ್, ಇವನ್ನೆಲ್ಲ ಯಾರು ಬ್ರೈಲ್ ಮಾಡಿಕೊಡ್ತಾರೆ? ಅಂದ್ರೆ ಓದೋಕೆ ಯಾವಾಗಲೂ ಇನ್ನೊಬ್ಬರು ಬೇಕು. ನಿಮಗೆ ಬಂದ ಪತ್ರವನ್ನ ಮೊದಲು ಬೇರೆಯವರೇ ಓದ್ತಾರೆ.

1976ರ ಜನವರಿಯಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಒಂದು ಯಂತ್ರ ತೋರಿಸಿದ್ರು. ಅಚ್ಚಾದ ಪುಟವನ್ನ ಗಾಜಿನ ಮೇಲೆ ಮಗುಚಿ ಇಟ್ರೆ ಯಂತ್ರ ಅದನ್ನ ಗಟ್ಟಿಯಾಗಿ ಓದುತ್ತೆ. ಒಳಗೆ ಮೂರು ಕೆಲಸ ನಡೀತಿತ್ತು. ಪುಟದ ಚಿತ್ರ ತೆಗೆಯೋದು, ಚಿತ್ರದಲ್ಲಿರುವ ಅಕ್ಷರ ಯಾವುದು ಅಂತ ಗುರುತಿಸೋದು, ಗುರುತಿಸಿದ ಅಕ್ಷರವನ್ನ ಧ್ವನಿ ಮಾಡೋದು. ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಕಣ್ಣು ಕಾಣದ ಗಾಯಕ ಸ್ಟೀವೀ ವಂಡರ್ ಇದರ ಮೊದಲ ಗ್ರಾಹಕರಲ್ಲಿ ಒಬ್ಬರು.

ಆದ್ರೆ ಅದು ಕಾಗದ ಓದುವ ಯಂತ್ರ. ಅಷ್ಟರಲ್ಲಿ ಜಗತ್ತಿನ ಕೆಲಸ ಕಾಗದದಿಂದ ಸ್ಕ್ರೀನಿಗೆ ಹೋಗೋಕೆ ಶುರುವಾಗಿತ್ತು.

ಭಾಗ 3/10: ಎರಡು ಸಾವಿರ ಮನೆಗಳು

ಫೋಟೋದಲ್ಲಿ: ಗ್ರಾಫ್ ಹಾಳೆಯ ಚೌಕಗಳಲ್ಲಿ ಪೆನ್ಸಿಲಲ್ಲಿ ಬರೆದ ಅಕ್ಷರಗಳು, ಒಂದು ಚೌಕಕ್ಕೆ ಒಂದು ಅಕ್ಷರ.

1981ರಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರ್ ಬಿಟ್ಟಿತು. ಆಗಿನ ಸ್ಕ್ರೀನ್ ಅಂದ್ರೆ ಕಪ್ಪು ಹಲಗೆ ಮೇಲೆ ಅಕ್ಷರಗಳು, ಅಷ್ಟೇ. ಐಕಾನ್ ಇಲ್ಲ, ಮೌಸ್ ಇಲ್ಲ. ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 25 ಸಾಲು. ಲೆಕ್ಕ ಹಾಕಿದ್ರೆ ಎರಡು ಸಾವಿರ ಮನೆ. ಯಾವ ಮನೆಯಲ್ಲಿ ಯಾವ ಅಕ್ಷರ ಇದೆ ಅನ್ನೋದು ಕಂಪ್ಯೂಟರ್‌ನ ಮೆಮೊರಿಯಲ್ಲಿ ಸಾಲಾಗಿ ಬರೆದಿರ್ತಿತ್ತು.

ಇದರ ಅರ್ಥ ಏನು ಗೊತ್ತಾ? ಸ್ಕ್ರೀನ್ ಓದೋಕೆ ಕಣ್ಣೇ ಬೇಕಿಲ್ಲ. ಇನ್ನೊಂದು ಸಣ್ಣ ಪ್ರೋಗ್ರಾಮ್ ಹಿಂದಿನಿಂದ ಹೋಗಿ ಆ ಮೆಮೊರಿಯನ್ನ ನೋಡಿ, 'ಐದನೇ ಸಾಲಲ್ಲಿ ಹೀಗಿದೆ' ಅಂತ ಧ್ವನಿ ಪೆಟ್ಟಿಗೆಗೆ ಹೇಳಿದ್ರೆ ಸಾಕು.

ಐಬಿಎಂನಲ್ಲಿ ಜಿಮ್ ಥ್ಯಾಚರ್ ಅನ್ನೋ ಗಣಿತಜ್ಞರಿದ್ರು. ಪಿಎಚ್‌ಡಿಯಲ್ಲಿ ಅವರ ಗೈಡ್ ಆಗಿದ್ದವರು ಜೆಸ್ಸಿ ರೈಟ್. ರೈಟ್ ಅವರಿಗೆ ಕಣ್ಣು ಕಾಣ್ತಿರಲಿಲ್ಲ. ಮುಂದೆ ಇಬ್ಬರೂ ಒಂದೇ ಕಂಪನಿಯಲ್ಲಿ ಸಹೋದ್ಯೋಗಿಗಳು. ಎಲ್ಲರ ಟೇಬಲ್ ಮೇಲೂ ಹೊಸ ಕಂಪ್ಯೂಟರ್ ಬಂದಾಗ ಥ್ಯಾಚರ್‌ಗೆ ತಮ್ಮ ಗುರುಗಳೂ ಅದನ್ನ ಬಳಸುವ ಹಾಗೆ ಮಾಡಬೇಕಿತ್ತು. 1980ರ ದಶಕದ ನಡುವಿನಲ್ಲಿ ಅವರು ಒಂದು ಪ್ರೋಗ್ರಾಮ್ ಬರೆದ್ರು. ಮೊದಲು ಕಂಪನಿಯೊಳಗೆ ಬಳಕೆಯಾಯ್ತು, ಆಮೇಲೆ ಮಾರಾಟಕ್ಕೂ ಬಂತು. ಅದರ ಹೆಸರೇ 'ಸ್ಕ್ರೀನ್ ರೀಡರ್'. ಇವತ್ತು ಆ ಹೆಸರು ಈ ಥರದ ಎಲ್ಲ ಪ್ರೋಗ್ರಾಮ್‌ಗಳಿಗೂ ಸೇರಿದೆ.

ಧ್ವನಿ ಎಲ್ಲಿಂದ ಬಂತು? ಅದಕ್ಕೆ ಬೇರೆ ಪೆಟ್ಟಿಗೆ ಬೇಕಿತ್ತು. 1984ರ ಸುಮಾರಿಗೆ ಬಂದ 'ಡೆಕ್‌ಟಾಕ್' ಅವುಗಳಲ್ಲಿ ಹೆಸರುವಾಸಿ. ಅದರ ಹಿಂದೆ ಇದ್ದದ್ದು ಎಂಐಟಿಯ ಡೆನ್ನಿಸ್ ಕ್ಲ್ಯಾಟ್ ಅವರ ಸಂಶೋಧನೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಕಂಪ್ಯೂಟರ್ ದನಿ ಯೂಟ್ಯೂಬ್‌ನಲ್ಲಿ ಕೇಳಿದ್ದೀರಲ್ಲ, ಅದೂ ಕ್ಲ್ಯಾಟ್ ಅವರ ಕೆಲಸದಿಂದಲೇ ಹುಟ್ಟಿದ್ದು.

ಡಾಸ್ ಕಾಲದಲ್ಲಿ ಅಂಧರು ಕೀಬೋರ್ಡ್ ಕಲಿತು, ಕಿವಿಯಲ್ಲಿ ಕೇಳ್ತಾ ಪ್ರೋಗ್ರಾಮರ್ ಆದ್ರು, ಆಫೀಸು ಕೆಲಸಕ್ಕೆ ಸೇರಿದ್ರು. ಸಂಬಳ ತಗೊಂಡ್ರು. ಎಲ್ಲಾ ಸರಿ ಹೋಯ್ತು ಅನ್ನುವಷ್ಟರಲ್ಲಿ ಚಿತ್ರಗಳು ಬಂದವು.

ಭಾಗ 4/10: ಅಕ್ಷರ ಮಾಯ

ಫೋಟೋದಲ್ಲಿ: ಹಳೇ ಕಂಪ್ಯೂಟರ್ ಮೌಸ್, ಬಾಲದಂಥ ವೈರ್ ಸಮೇತ. ಹಿಂದೆ ಬಿಳಿ ಗೋಡೆ.

1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟೋಷ್ ಬಂತು. 1990ರಲ್ಲಿ ವಿಂಡೋಸ್ 3.0. ಈಗ ನಾವು ನೋಡುವ ಕಿಟಕಿ, ಐಕಾನ್, ಮೌಸ್ ಬಾಣ ಎಲ್ಲಾ ಮನೆಮನೆಗೆ ಬಂದಿದ್ದು ಆಗ. ಕಮಾಂಡ್ ಬಾಯಿಪಾಠ ಮಾಡೋದು ಬೇಡ, ಚಿತ್ರ ನೋಡಿ ಒತ್ತಿದ್ರೆ ಆಯ್ತು. ನಮ್ಮಂಥವರಿಗೆ ಹಬ್ಬ.

ಆದ್ರೆ ಹಿಂದಿನ ಭಾಗದ ಎರಡು ಸಾವಿರ ಮನೆ ನೆನಪಿಸಿಕೊಳ್ಳಿ. ಈಗ ಆ ಮನೆಗಳಿಲ್ಲ. ಹೊಸ ಸ್ಕ್ರೀನ್ ಮೇಲೆ ಇರೋದು ಬರೀ ಬಣ್ಣದ ಚುಕ್ಕಿಗಳು, ಪಿಕ್ಸೆಲ್. ಅಕ್ಷರ ಕೂಡ ಚುಕ್ಕಿಗಳಿಂದ ಬಿಡಿಸಿದ ಚಿತ್ರ. ಸ್ಕ್ರೀನ್ ರೀಡರ್ ಮೆಮೊರಿಗೆ ಹೋಗಿ ನೋಡಿದ್ರೆ ಅಲ್ಲಿ ಯಾವ ಅಕ್ಷರವೂ ಇಲ್ಲ. ನನ್ನ ವಿಜಯನಗರದ ಸ್ಲೈಡ್ ಥರ. ನಾನು ಮೊನ್ನೆ ಮಾಡಿದ ತಪ್ಪು ಆಗಲೇ ಇಡೀ ಕಂಪ್ಯೂಟರ್ ಜಗತ್ತಿನಲ್ಲಿ ನಡೆದಿತ್ತು.

ಡಾಸ್ ನಂಬಿ ಕೆಲಸಕ್ಕೆ ಸೇರಿದ್ದ ಅಂಧರ ಗತಿ ಯೋಚನೆ ಮಾಡಿ. ಆಫೀಸಿನವರು ವಿಂಡೋಸ್‌ಗೆ ಬದಲಾಯಿಸ್ತೀವಿ ಅಂದ್ರೆ ಅವರ ಪಾಲಿಗೆ ಅದು ಕೆಲಸ ಹೋಗುವ ಸುದ್ದಿ. ಅವರ ಕೌಶಲ ಕಮ್ಮಿ ಆಗಿರಲಿಲ್ಲ. ಬದಲಾಗಿದ್ದು ಸ್ಕ್ರೀನ್ ಮಾತ್ರ.

ದಾರಿ ಸಿಕ್ಕಿದ್ದು ಒಂದು ಜಾಣ ಉಪಾಯದಿಂದ. ಅಕ್ಷರ ಚಿತ್ರ ಆಗುವುದಕ್ಕಿಂತ ಮುಂಚೆ ಒಂದು ಕ್ಷಣ ಅಕ್ಷರವಾಗಿಯೇ ಇರುತ್ತೆ. 'ಈ ಜಾಗದಲ್ಲಿ ಸೇವ್ ಅಂತ ಬರಿ' ಅಂತ ಪ್ರೋಗ್ರಾಮ್ ಆಪರೇಟಿಂಗ್ ಸಿಸ್ಟಮ್‌ಗೆ ಹೇಳುತ್ತಲ್ಲ, ಆ ಆದೇಶವನ್ನ ದಾರಿಯಲ್ಲೇ ಹಿಡಿದು ಓದಿಕೊಂಡ್ರೆ? ಹಾಗೆ ಹಿಡಿದ ಆದೇಶಗಳನ್ನೆಲ್ಲ ಜೋಡಿಸಿ ಸ್ಕ್ರೀನಿನ ಒಂದು ನಕಲು ಪ್ರತಿಯನ್ನ ಅಕ್ಷರದಲ್ಲೇ ಇಟ್ಕೊಳ್ಳೋದು. ಇದಕ್ಕೆ 'ಆಫ್-ಸ್ಕ್ರೀನ್ ಮಾಡೆಲ್' ಅಂತ ಹೆಸರು. ಕಣ್ಣಿರುವವರು ಒಂದು ಸ್ಕ್ರೀನ್ ನೋಡ್ತಾರೆ, ಅಂಧರು ಅದರ ಹಿಂದಿನ ನಕಲು ಕೇಳ್ತಾರೆ.

1989ರಲ್ಲಿ ಬರ್ಕ್ಲಿ ಸಿಸ್ಟಮ್ಸ್ ಅನ್ನೋ ಸಣ್ಣ ಕಂಪನಿ ಮ್ಯಾಕ್‌ಗೆ 'ಔಟ್‌ಸ್ಪೋಕನ್' ತಂದಿತು. ಚಿತ್ರದ ಸ್ಕ್ರೀನ್ ಓದಿದ ಮೊದಲ ಸ್ಕ್ರೀನ್ ರೀಡರ್‌ಗಳಲ್ಲಿ ಅದೂ ಒಂದು. ಅದೇ ಕಂಪನಿ ರೆಕ್ಕೆ ಇರುವ ಟೋಸ್ಟರ್‌ಗಳು ಹಾರಾಡುವ ಸ್ಕ್ರೀನ್‌ಸೇವರ್ ಮಾಡಿ ಪ್ರಸಿದ್ಧ ಆಯ್ತು. ಜನಕ್ಕೆ ಇವತ್ತಿಗೂ ನೆನಪಿರೋದು ಟೋಸ್ಟರ್.

ಭಾಗ 5/10: ಬೈಕ್ ರೇಸರ್ ಮತ್ತು ಶಾರ್ಕ್

ಫೋಟೋದಲ್ಲಿ: ಕೀಬೋರ್ಡಿನ ಹತ್ತಿರದ ನೋಟ. ಎಡಗೈ ಬೆರಳುಗಳು ಕೀಗಳ ಮೇಲಿವೆ. ಮೌಸ್ ಇಲ್ಲ.

ಟೆಡ್ ಹೆಂಟರ್ ಮೆಕ್ಯಾನಿಕಲ್ ಎಂಜಿನಿಯರ್. ಜೊತೆಗೆ ಮೋಟಾರ್‌ಸೈಕಲ್ ರೇಸರ್, ಅಂತರರಾಷ್ಟ್ರೀಯ ಮಟ್ಟದಲ್ಲಿ ಓಡಿಸ್ತಿದ್ದವರು. 1978ರಲ್ಲಿ ಕಾರು ಅಪಘಾತ ಆಗಿ ಎರಡೂ ಕಣ್ಣು ಹೋದವು. ಎಂಜಿನಿಯರಿಂಗ್ ಡ್ರಾಯಿಂಗ್ ನೋಡೋಕೆ ಆಗಲ್ಲ, ಬೈಕ್ ಓಡಿಸೋಕೆ ಆಗಲ್ಲ. ಮತ್ತೆ ಓದೋಕೆ ಕೂತು ಪ್ರೋಗ್ರಾಮಿಂಗ್ ಕಲಿತರು. 1987ರಲ್ಲಿ ಬಿಲ್ ಜಾಯ್ಸ್ ಜೊತೆ ಸೇರಿ ಫ್ಲಾರಿಡಾದಲ್ಲಿ ಕಂಪನಿ ಶುರು ಮಾಡಿದ್ರು. 1989ರಲ್ಲಿ ಡಾಸ್‌ಗೆ ಅವರ ಸ್ಕ್ರೀನ್ ರೀಡರ್ ಬಂತು. ಹೆಸರು 'ಜಾಸ್'. 'ಜಾಬ್ ಆಕ್ಸೆಸ್ ವಿತ್ ಸ್ಪೀಚ್' ಅನ್ನೋದರ ಚಿಕ್ಕ ರೂಪ. ಶಾರ್ಕ್ ಸಿನಿಮಾದ ಹೆಸರೂ ಅದೇ. ಆದ್ರೆ ನನಗೆ ಹಿಡಿಸಿದ್ದು ಅದರ ಮೊದಲ ಪದ. ಜಾಬ್. ಕೆಲಸ. ಯಾರೂ ಕರುಣೆ ಕೇಳ್ತಿರಲಿಲ್ಲ. ಬೇಕಿದ್ದಿದ್ದು ಕೆಲಸ.

1995ರ ಜನವರಿಯಲ್ಲಿ ಜಾಸ್‌ನ ವಿಂಡೋಸ್ ಆವೃತ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ವಿಂಡೋಸ್ 95. ಅಂಧರ ಸಂಘಟನೆಗಳು, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳು ಮೈಕ್ರೋಸಾಫ್ಟ್ ಮೇಲೆ ಒತ್ತಡ ಹಾಕಿದವು. ಕದ್ದು ಕೇಳಿಸಿಕೊಂಡು ನಕಲು ಮಾಡುವ ಕಷ್ಟ ಸ್ಕ್ರೀನ್ ರೀಡರ್‌ಗೆ ಯಾಕೆ? ಪ್ರೋಗ್ರಾಮ್‌ಗಳೇ ನೇರವಾಗಿ ಹೇಳಲಿ. 1997ರಲ್ಲಿ ಮೈಕ್ರೋಸಾಫ್ಟ್ ಅಂಥ ಒಂದು ವ್ಯವಸ್ಥೆ ಕೊಟ್ಟಿತು. ಇವತ್ತು ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ನಡೆಯೋದು ಅದೇ ರೀತಿ. ಸ್ಕ್ರೀನ್ ಮೇಲಿನ ಪ್ರತಿ ವಸ್ತುವೂ ಮೂರು ವಿಷಯ ಹೇಳಬೇಕು. ನಾನು ಏನು (ಬಟನ್), ನನ್ನ ಹೆಸರೇನು ('ಕಳುಹಿಸಿ'), ಈಗ ಯಾವ ಸ್ಥಿತಿಯಲ್ಲಿದ್ದೀನಿ (ಒತ್ತಬಹುದು). ಹೆಸರು ಕೊಡೋದನ್ನ ಪ್ರೋಗ್ರಾಮರ್ ಮರೆತ್ರೆ ಸ್ಕ್ರೀನ್ ರೀಡರ್ ಬರೀ "ಬಟನ್" ಅನ್ನುತ್ತೆ. ಏನಾಗುತ್ತೆ ಅಂತ ಗೊತ್ತಿಲ್ಲದ ಬಟನ್ ಒತ್ತೋಕೆ ನಿಮಗೆ ಧೈರ್ಯ ಇದೆಯಾ?

ವೆಬ್‌ಗೂ ನಿಯಮ ಬಂತು. 1999ರ ಮೇ ತಿಂಗಳಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಮೊದಲ ಮಾರ್ಗಸೂಚಿ ಕೊಟ್ಟಿತು. ಅದರ ಮೊಟ್ಟಮೊದಲ ಅಂಶವೇ ಇದು: ಅಕ್ಷರವಲ್ಲದ ಪ್ರತಿಯೊಂದಕ್ಕೂ ಅಕ್ಷರದಲ್ಲಿ ಸಮಾನವಾದ ವಿವರಣೆ ಕೊಡಿ.

ಅಂದ್ರೆ ನಾನು ಸ್ಲೈಡ್ ಮಾಡೋಕೆ ಕೂರುವ ಎಷ್ಟೋ ವರ್ಷ ಮುಂಚೆಯೇ ನಿಯಮ ಬರೆದಿಟ್ಟಾಗಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಭಾಗ 6/10: ದುಡ್ಡಿನ ಪ್ರಶ್ನೆ

ಫೋಟೋದಲ್ಲಿ: ಹಾಸ್ಟೆಲ್ ಟೇಬಲ್. ಹಳೇ ಲ್ಯಾಪ್‌ಟಾಪ್, ಮೂಲೆಯಲ್ಲಿ ಸ್ವಲ್ಪ ಒಡೆದಿದೆ. ಪಕ್ಕದಲ್ಲಿ ಟೀ ಲೋಟ.

ಜಾಸ್ ಒಳ್ಳೆಯದು, ಆದ್ರೆ ಆಗ ಅದರ ಬೆಲೆ ಸುಮಾರು ಸಾವಿರ ಡಾಲರ್ ಇತ್ತು. ಎಷ್ಟೋ ಸಲ ಕಂಪ್ಯೂಟರ್‌ಗೇ ಅಷ್ಟಾಗ್ತಿರಲಿಲ್ಲ. ನಮಗೆ ಸ್ಕ್ರೀನ್ ನೋಡೋಕೆ ಎಕ್ಸ್‌ಟ್ರಾ ದುಡ್ಡು ಕೇಳಿದ್ರೆ ಸುಮ್ನಿರ್ತೀವಾ? ಅಂಧರು ಮಾತ್ರ ಕಂಪ್ಯೂಟರ್‌ಗೊಂದು ಸಲ, ಅದು ಮಾತಾಡೋಕೆ ಇನ್ನೊಂದು ಸಲ ದುಡ್ಡು ಕೊಡಬೇಕಿತ್ತು.

ಆಸ್ಟ್ರೇಲಿಯಾದ ಮೈಕಲ್ ಕರನ್ ಆಗ ಕಾಲೇಜು ಹುಡುಗ. ಅಂಧ. ಚಿಕ್ಕವನಿದ್ದಾಗ ಅಂಧ ಮಕ್ಕಳ ಸಂಗೀತ ಶಿಬಿರವೊಂದಕ್ಕೆ ಹೋದಾಗ ಜೇಮ್ಸ್ ಟೆ ಅನ್ನೋ ಇನ್ನೊಬ್ಬ ಅಂಧ ಹುಡುಗ ಪರಿಚಯ ಆಗಿದ್ದ. ಇಬ್ಬರಿಗೂ ಕಂಪ್ಯೂಟರ್ ಹುಚ್ಚು. 2006ರ ಏಪ್ರಿಲ್‌ನಲ್ಲಿ ಕರನ್ ತಾನೇ ಒಂದು ಸ್ಕ್ರೀನ್ ರೀಡರ್ ಬರೆಯೋಕೆ ಕೂತರು. ಭಾಷೆ ಪೈಥಾನ್, ಹೌದು, ನಮ್ಮ ಸಿಲಬಸ್‌ನಲ್ಲಿರೋದೇ. ಹೆಸರು ಎನ್‌ವಿಡಿಎ, ಅಂದ್ರೆ 'ನಾನ್‌ವಿಷುವಲ್ ಡೆಸ್ಕ್‌ಟಾಪ್ ಆಕ್ಸೆಸ್'. ಜೇಮ್ಸ್ ಕೈಜೋಡಿಸಿದ್ರು. 2007ರಲ್ಲಿ ಇದಕ್ಕಾಗಿಯೇ ಲಾಭರಹಿತ ಸಂಸ್ಥೆ ಶುರುವಾಯ್ತು.

ಎನ್‌ವಿಡಿಎ ಫ್ರೀ. ಕೋಡ್ ಕೂಡ ಬಹಿರಂಗ, ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಅದನ್ನ ತಮ್ಮ ತಮ್ಮ ಭಾಷೆಗೆ ತಂದ್ರು. ಇವತ್ತು ಅದು 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಮುಂಚೆ ಜೊತೆಗೆ ಬರ್ತಿದ್ದ ಧ್ವನಿ 'ಇ-ಸ್ಪೀಕ್', ಅದೂ ಫ್ರೀ. ಜೊನಾಥನ್ ಡಡಿಂಗ್ಟನ್ ಅನ್ನೋರು ಶುರು ಮಾಡಿದ್ದು. ಅದು ಮಾತಾಡುವ ಭಾಷೆಗಳಲ್ಲಿ ಕನ್ನಡವೂ ಒಂದು.

ದೋಸ್ತ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿರೋದು ಇದೇ. ಇ-ಸ್ಪೀಕ್ ದನಿ ಕೇಳಿದ್ರೆ ನಿಮಗೆ ನಗು ಬರುತ್ತೆ, ಪಕ್ಕಾ ರೋಬೋಟ್. "ಚೆನ್ನಾಗಿರೋ ವಾಯ್ಸ್ ಹಾಕ್ಕೋಬಾರ್ದಾ?" ಅಂತ ಕೇಳಿದೆ. "ಸ್ಪೀಡ್ ಜಾಸ್ತಿ ಮಾಡಿದ್ರೆ ಚೆನ್ನಾಗಿರೋ ವಾಯ್ಸ್ ಕಲಸುಮೇಲೋಗರ ಆಗುತ್ತೆ ಕಣೋ. ಇದು ಆಗಲ್ಲ," ಅಂದ. ಅವನು ಓದುವ ಸ್ಪೀಡಲ್ಲಿ ನನಗೆ ಒಂದು ಪದವೂ ಹಿಡಿಯಲ್ಲ, ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ನಾನು ಒಂದು ಅಧ್ಯಾಯ ಮುಗಿಸುವಷ್ಟರಲ್ಲಿ ಅವನದು ಎರಡು.

ವೆಬ್ ಪೇಜಲ್ಲಿ ಅವನು ಮೇಲಿಂದ ಕೆಳಗೆ ಎಲ್ಲಾ ಕೇಳ್ತಾ ಕೂರಲ್ಲ. ಎಚ್ ಕೀ ಒತ್ತಿದ್ರೆ ಮುಂದಿನ ಹೆಡಿಂಗ್‌ಗೆ ಜಿಗಿಯುತ್ತೆ. ಬಿ ಒತ್ತಿದ್ರೆ ಮುಂದಿನ ಬಟನ್, ಟಿ ಒತ್ತಿದ್ರೆ ಟೇಬಲ್. ನಾವು ಕಣ್ಣಲ್ಲಿ ಸ್ಕ್ಯಾನ್ ಮಾಡ್ತೀವಲ್ಲ, ಅವನು ಅದನ್ನೇ ಬೆರಳಲ್ಲಿ ಮಾಡ್ತಾನೆ. ಆದ್ರೆ ಹೆಡಿಂಗ್‌ನ ಹೆಡಿಂಗ್ ಅಂತಲೇ ಗುರುತು ಮಾಡಿರಬೇಕು. ಸುಮ್ನೆ ದಪ್ಪ ಅಕ್ಷರ ಮಾಡಿದ್ರೆ ಎಚ್ ಕೀಗೆ ಗೊತ್ತಾಗಲ್ಲ.

ಭಾಗ 7/10: ನುಣುಪು ಗಾಜು

ಫೋಟೋದಲ್ಲಿ: ಕೈಯಲ್ಲಿ ಟಚ್‌ಸ್ಕ್ರೀನ್ ಫೋನ್. ಸ್ಕ್ರೀನ್ ಆಫ್ ಆಗಿದೆ, ಕಪ್ಪು ಗಾಜಿನಲ್ಲಿ ಟ್ಯೂಬ್‌ಲೈಟ್ ಕಾಣ್ತಿದೆ.

ಹಳೇ ಕೀಪ್ಯಾಡ್ ಫೋನ್ ನೆನಪಿದೆಯಾ? 5ರ ಮೇಲೆ ಸಣ್ಣ ಉಬ್ಬು ಇರ್ತಿತ್ತು. ಅದನ್ನ ಮುಟ್ಟಿ ಉಳಿದ ಕೀ ಎಲ್ಲಿದೆ ಅಂತ ತಿಳ್ಕೋಬಹುದಿತ್ತು. 2007ರಲ್ಲಿ ಐಫೋನ್ ಬಂತು. ಮುಟ್ಟಿದ್ರೆ ಬರೀ ಗಾಜು. ಎಲ್ಲಿ ಏನಿದೆ ಅಂತ ಬೆರಳಿಗೆ ತಿಳಿಯುವ ದಾರಿಯೇ ಇಲ್ಲ. ಇನ್ನೊಂದು ಸಲ ಅದೇ ಕಥೆ: ನಮಗೆ ಸುಲಭ, ಅವರಿಗೆ ಗೋಡೆ.

2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್ ಆ ಗೋಡೆಯಲ್ಲಿ ಬಾಗಿಲು ಕೊರೆಯಿತು. 2005ರಿಂದ ಮ್ಯಾಕ್‌ನಲ್ಲಿದ್ದ 'ವಾಯ್ಸ್‌ಓವರ್' ಫೋನಿಗೂ ಬಂತು, ಅದೂ ಫೋನಿನೊಳಗೇ, ಬೇರೆ ದುಡ್ಡಿಲ್ಲದೆ. ಉಪಾಯ ಇಷ್ಟೇ: ಒಂದು ಸಲ ಮುಟ್ಟಿದ್ರೆ ಏನೂ ಒತ್ತಿದಂತೆ ಆಗಲ್ಲ, ಬೆರಳ ಕೆಳಗೆ ಏನಿದೆ ಅಂತ ಹೇಳುತ್ತೆ. ಬೇಕಾದ್ದು ಸಿಕ್ಕ ಮೇಲೆ ಎರಡು ಸಲ ತಟ್ಟಬೇಕು. ಬಲಕ್ಕೆ ಸರಿಸಿದ್ರೆ ಮುಂದಿನದು, ಎಡಕ್ಕೆ ಸರಿಸಿದ್ರೆ ಹಿಂದಿನದು. ಮುಟ್ಟೋದು ಮತ್ತು ಒತ್ತೋದು ಎರಡನ್ನೂ ಬೇರೆ ಮಾಡಿದ್ದಕ್ಕೇ ಗಾಜು ಓದುವಂಥ ವಸ್ತು ಆಯ್ತು.

ಅದೇ ವರ್ಷ ಆಂಡ್ರಾಯ್ಡ್‌ಗೆ 'ಟಾಕ್‌ಬ್ಯಾಕ್' ಬಂತು. ಈ ಕೆಲಸದ ಹಿಂದೆ ನಮ್ಮ ದೇಶದವರೊಬ್ಬರು ಇದ್ದಾರೆ. ಟಿ. ವಿ. ರಾಮನ್, ಪುಣೆಯಲ್ಲಿ ಬೆಳೆದವರು. ಗ್ಲಾಕೋಮಾದಿಂದ 14ನೇ ವಯಸ್ಸಿಗೆ ದೃಷ್ಟಿ ಹೋಯ್ತು. ಪುಣೆಯಲ್ಲಿ ಗಣಿತ ಓದಿ, ಐಐಟಿ ಬಾಂಬೆಗೆ ಹೋಗಿ, ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ್ರು. ಗಣಿತದ ಸಮೀಕರಣ ಕೇಳಿ ಅರ್ಥ ಮಾಡ್ಕೊಳ್ಳೋದು ಕಷ್ಟ. 'ಎಕ್ಸ್ ಪ್ಲಸ್ ಒನ್ ಬೈ ಟೂ' ಅಂದ್ರೆ ಎರಡರಿಂದ ಭಾಗಿಸೋದು ಯಾವುದನ್ನ? ಪೂರ್ತಿ ಎಕ್ಸ್ ಪ್ಲಸ್ ಒನ್‌ನೋ, ಬರೀ ಒಂದನ್ನೋ? ರಾಮನ್ ತಮ್ಮ ಪಿಎಚ್‌ಡಿಗೆ ಮಾಡಿದ್ದು ಇಂಥ ಬರವಣಿಗೆಯನ್ನ ಸ್ಪಷ್ಟವಾಗಿ ಓದಿ ಹೇಳುವ ವ್ಯವಸ್ಥೆ. 1994ರಲ್ಲಿ ಮುಗಿದ ಆ ಕೆಲಸದ ಹೆಸರು 'ಆಸ್ಟರ್'. ಅದು ಅವರಿಗೆ ದಾರಿ ತೋರಿಸ್ತಿದ್ದ ನಾಯಿಯ ಹೆಸರು ಕೂಡ. 2005ರಲ್ಲಿ ಗೂಗಲ್ ಸೇರಿ, ಸ್ಕ್ರೀನ್ ನೋಡದೆಯೇ ಫೋನ್ ಬಳಸುವ ದಾರಿ ಹುಡುಕೋಕೆ ಶುರು ಮಾಡಿದ್ರು.

ನಿಮ್ಮ ಕೈಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಟಾಕ್‌ಬ್ಯಾಕ್ ಇರುತ್ತೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ನೋಡಿ. ಆನ್ ಮಾಡೋಕೆ ಮುಂಚೆ ಆಫ್ ಮಾಡೋದು ಹೇಗೆ ಅಂತ ಓದ್ಕೊಳ್ಳಿ. ನಾನು ಓದಿರಲಿಲ್ಲ. ಅರ್ಧ ಗಂಟೆ ಒದ್ದಾಡಿದೆ.

ಭಾಗ 8/10: ಕನ್ನಡದ ಸರದಿ

ಫೋಟೋದಲ್ಲಿ: ನೋಟ್‌ಬುಕ್ ಹಾಳೆ. ಮಧ್ಯದಲ್ಲಿ ದೊಡ್ಡದಾಗಿ 'ಕ', ಅದರ ಕೆಳಗೆ 3221 ಅನ್ನೋ ಸಂಖ್ಯೆ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅಂತ ಜಗತ್ತಿನ ಭಾಷೆಗಳಿಗೆಲ್ಲ ಸೇರಿಸಿ ಮಾಡಿದ ಪಟ್ಟಿಯೇ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ. 'ಕ'ಗೆ 3221. ಆ ಸಂಖ್ಯೆ ಕಂಡ್ರೆ ಯಾವ ಫೋನಾದ್ರೂ ಅದನ್ನ 'ಕ' ಅಂತಲೇ ತಿಳಿಯುತ್ತೆ.

ಆದ್ರೆ ಯೂನಿಕೋಡ್ ಬಳಕೆಗೆ ಬರೋಕೆ ವರ್ಷಗಳೇ ಹಿಡಿದವು. ಅಲ್ಲಿವರೆಗೆ ಕನ್ನಡದಲ್ಲಿ ಟೈಪ್ ಮಾಡಬೇಕಿತ್ತಲ್ಲ? ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೇ ಕನ್ನಡದ ಆಕಾರ ಅಂಟಿಸಿದ ಫಾಂಟ್‌ಗಳು ಬಂದವು. ಡಿಟಿಪಿ ಅಂಗಡಿ, ಪ್ರೆಸ್, ಸರ್ಕಾರಿ ಕಚೇರಿ ಎಲ್ಲ ಕಡೆ ಅವೇ. ಅವಿಲ್ಲದಿದ್ರೆ ಆ ಕಾಲದಲ್ಲಿ ಕಂಪ್ಯೂಟರಲ್ಲಿ ಕನ್ನಡವೇ ಇರ್ತಿರಲಿಲ್ಲ, ಹಾಗಾಗಿ ಬೈಯೋದು ಬೇಡ. ಆದ್ರೆ ಕಣ್ಣಿಗೆ ಕನ್ನಡ ಕಂಡ್ರೂ ಫೈಲಿನೊಳಗೆ ಇರೋದು ಇಂಗ್ಲಿಷ್ ಅಕ್ಷರ, ತಲೆ ಮೇಲೊಂದು ಗೆರೆ, ಒಂದು ಚಿಹ್ನೆ. ಹಳೇ ಫಾಂಟಿನ ಫೈಲನ್ನ ವಾಟ್ಸಾಪ್‌ಗೆ ಕಾಪಿ ಮಾಡಿ ನೋಡಿದವರಿಗೆ ಗೊತ್ತಿರುತ್ತೆ, ಏನೇನೋ ಬರುತ್ತೆ. ಸ್ಕ್ರೀನ್ ರೀಡರ್ ಆಕಾರ ನೋಡಲ್ಲ, ಸಂಖ್ಯೆ ಓದುತ್ತೆ. ಹಾಗಾಗಿ ಅದಕ್ಕೆ ಕೇಳಿಸೋದು ಆ 'ಏನೇನೋ'.

ದೋಸ್ತ್‌ಗೆ ಒಂದು ಸಲ ಇಡೀ ಸೆಮಿಸ್ಟರಿನ ನೋಟ್ಸ್ ಫೈಲ್ ಸಿಕ್ತು. ಖುಷಿಯಿಂದ ತೆರೆದ. ನೂರಾರು ಪುಟ, ಎಲ್ಲಾ ಹಳೇ ಫಾಂಟ್. ಲ್ಯಾಪ್‌ಟಾಪ್ ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ ಕಕ್ಕೋಕೆ ಶುರು ಮಾಡಿತು. ಆವತ್ತು ರಾತ್ರಿ ನಾವಿಬ್ಬರು ಕೂತು, ಹಳೇ ಫಾಂಟಿಂದ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗೆ ಒಂದೊಂದೇ ಅಧ್ಯಾಯ ಹಾಕಿದ್ವಿ. ಒತ್ತಕ್ಷರ ಕೆಲವು ಕಡೆ ತಪ್ಪಾಗಿ ಬಂತು. ಆದ್ರೂ ಓದೋ ಹಾಗಾಯ್ತು.

ಸ್ಕ್ಯಾನ್ ಮಾಡಿದ ಪುಸ್ತಕ ಇನ್ನೊಂದು ಕಷ್ಟ. ಅದು ಪೂರ್ತಿ ಚಿತ್ರ. ಚಿತ್ರದಿಂದ ಕನ್ನಡ ಅಕ್ಷರ ಗುರುತಿಸೋದು ಸುಲಭ ಅಲ್ಲ. ಗುಣಿತ, ಒತ್ತು ಎಲ್ಲಾ ಸೇರಿ ಸಾವಿರಾರು ಆಕಾರ ಆಗುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಮತ್ತು ಅವರ ತಂಡ ಇದಕ್ಕಾಗಿಯೇ 'ಲಿಪಿ ಜ್ಞಾನಿ' ಅನ್ನೋ ತಂತ್ರಾಂಶ ಮಾಡಿದ್ದಾರೆ. 1976ರಲ್ಲಿ ಕರ್ಜ್‌ವೈಲ್ ಇಂಗ್ಲಿಷ್‌ಗೆ ಮಾಡಿದ ಕೆಲಸವನ್ನ ಪ್ರತಿ ಭಾಷೆಯವರೂ ತಮಗಾಗಿ ಮತ್ತೆ ಮಾಡಲೇಬೇಕು. ಯಾರೂ ರೆಡಿಮೇಡ್ ತಂದುಕೊಡಲ್ಲ.

ಭಾಗ 9/10: "ಹಾಡು ಬರುತ್ತಾ?"

ಫೋಟೋದಲ್ಲಿ: ಕಾಲೇಜಿನ ಮೆಟ್ಟಿಲು. ಬಿಳಿ ಕೋಲು ಮಡಚಿ ಇಟ್ಟಿದೆ, ಪಕ್ಕದಲ್ಲಿ ಅಕೌಂಟೆನ್ಸಿ ಪುಸ್ತಕ.

ಅಂಧರು ಅಂದ ತಕ್ಷಣ ಕನ್ನಡದವರಿಗೆ ನೆನಪಾಗೋದು ಗದಗ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ವೀರೇಶ್ವರ ಪುಣ್ಯಾಶ್ರಮ. ಸ್ವತಃ ಕಣ್ಣಿಲ್ಲದ ಆ ಗುರುಗಳು ಎಷ್ಟೋ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ರು. ಬೇರೆ ಯಾರೂ ದಾರಿ ತೋರಿಸದ ಕಾಲದಲ್ಲಿ ಆ ಮಕ್ಕಳನ್ನ ತಮ್ಮ ಕಾಲ ಮೇಲೆ ನಿಲ್ಲಿಸಿದ್ರು. ಆ ಋಣ ದೊಡ್ಡದು.

ಆದ್ರೆ ದೋಸ್ತ್ ಹೇಳ್ತಾನೆ, "ಯಾರೇ ಪರಿಚಯ ಆಗ್ಲಿ, ಮೊದಲ ಪ್ರಶ್ನೆ ಒಂದೇ. ಹಾಡು ಬರುತ್ತಾ ಅಂತ. ನನ್ನ ಗಂಟಲು ಕತ್ತೆದು ಕಣೋ. ನನಗೆ ಅಕೌಂಟ್ಸ್ ಇಷ್ಟ." ಅವನಿಗೆ ಬ್ಯಾಂಕ್ ಪರೀಕ್ಷೆ ಬರೀಬೇಕು. ಕೆಲಸ ಸಿಕ್ಕಿ, ಊರಲ್ಲಿ ಅಮ್ಮನಿಗೆ ಹಾಲು ಡೈರಿಗೆ ಹೋಗೋದು ತಪ್ಪಿಸಬೇಕು. ಹಾಡು ಬರದ ಅಂಧನಿಗೂ ಒಂದು ಕೆಲಸ ಇರಬೇಕು ಅಂದ್ರೆ ಅವನಿಗೆ ಬೇಕಾಗೋದು ಮಾತಾಡುವ ಕಂಪ್ಯೂಟರ್.

ಇದು ಆಗುತ್ತೆ ಅಂತ ತೋರಿಸಿದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆ 1990ರಿಂದ ಕೆಲಸ ಮಾಡ್ತಿದೆ, ಮಾತಾಡುವ ಪುಸ್ತಕಗಳ ಲೈಬ್ರರಿ ನಡೆಸುತ್ತೆ. 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾ ಸ್ಕ್ರೀನ್ ರೀಡರ್‌ನಲ್ಲಿ ಕೆಲಸ ಮಾಡೋದನ್ನ ಕಲಿಸಿ ಕಂಪನಿಗಳಿಗೆ ಸೇರಿಸುತ್ತೆ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಟ್ಟಡಕ್ಕೆ ರ‍್ಯಾಂಪ್ ಇರಬೇಕು ಅನ್ನೋ ಹಾಗೆಯೇ ವೆಬ್‌ಸೈಟ್, ದಾಖಲೆಗಳೂ ಎಲ್ಲರೂ ಬಳಸುವ ಹಾಗಿರಬೇಕು ಅನ್ನುತ್ತೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯ್ತು. ಬ್ಯಾಂಕ್ ಖಾತೆ ತೆರೆಯುವಾಗ ಮಾಡುವ ಆನ್‌ಲೈನ್ ಕೆವೈಸಿಯಲ್ಲಿ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಿ ಅಂತಾರಲ್ಲ? ಆಸಿಡ್ ದಾಳಿಗೆ ಒಳಗಾದವರು, ಅಂಧರು ಅದನ್ನ ಮಾಡೋದು ಹೇಗೆ? ಅವರೇ ಕೋರ್ಟ್‌ಗೆ ಹೋದ್ರು. ಡಿಜಿಟಲ್ ಸೇವೆ ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು.

ಬದುಕುವ ಹಕ್ಕು. ನಾನು ಇದನ್ನ ಬರೀ ಟೆಕ್ನಾಲಜಿ ವಿಷಯ ಅಂದ್ಕೊಂಡಿದ್ದೆ.

ಭಾಗ 10/10: ಇನ್ನು ನಮ್ಮ ಕೆಲಸ

ಫೋಟೋದಲ್ಲಿ: ಹಂಪಿಯ ಕಲ್ಲಿನ ರಥ, ಸಂಜೆ ಬಿಸಿಲು. ಮುಂದೆ ಯಾರೂ ಇಲ್ಲ.

ಥ್ಯಾಚರ್, ಹೆಂಟರ್, ಕರನ್, ರಾಮನ್ ತಮ್ಮ ಕೆಲಸ ಮಾಡಿದ್ದಾರೆ. ಯಂತ್ರ ಓದೋಕೆ ರೆಡಿ ಇದೆ. ಅದಕ್ಕೆ ಓದೋಕೆ ಏನಾದ್ರೂ ಇಡಬೇಕಾದ್ದು ನಾವು.

ಮೊದಲನೇದು, ಫೋಟೋ ವಿವರಣೆ. ಇನ್‌ಸ್ಟಾಗ್ರಾಮ್‌ನಲ್ಲಿ 2018ರಿಂದ 'ಆಲ್ಟ್ ಟೆಕ್ಸ್ಟ್' ಬರೆಯುವ ಜಾಗ ಇದೆ. ಒಂದೆರಡು ವಾಕ್ಯ ಸಾಕು. ಹಳೇ ಪೋಸ್ಟ್‌ಗೂ ಎಡಿಟ್ ಮಾಡಿ ಸೇರಿಸಬಹುದು. 'ಸುಂದರ ಫೋಟೋ' ಅಂತ ಬರೀಬೇಡಿ, ಏನಿದೆ ಅಂತ ಬರೀರಿ.

ಎರಡನೇದು, ಸ್ಲೈಡಿನಲ್ಲಿ ಅಕ್ಷರ ಹಾಕಿದ್ರೆ ಅದನ್ನೇ ಕ್ಯಾಪ್ಷನ್‌ನಲ್ಲೂ ಹಾಕಿ.

ಮೂರನೇದು, ಸ್ಟೈಲಿಶ್ ಫಾಂಟ್. ಬಯೋದಲ್ಲಿ ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರ ಹಾಕ್ಕೋತೀವಲ್ಲ, ಅವು ಎಷ್ಟೋ ಸಲ ಗಣಿತದ ಚಿಹ್ನೆಗಳು. ಸ್ಕ್ರೀನ್ ರೀಡರ್ ನಿಮ್ಮ ಹೆಸರಿನ ಬದಲು ಗಣಿತದ ಚಿಹ್ನೆಗಳನ್ನ ಓದುತ್ತೆ, ಇಲ್ಲ ಪೂರ್ತಿ ಬಿಟ್ಟುಬಿಡುತ್ತೆ. ಹಳೇ ಕನ್ನಡ ಫಾಂಟ್ ಮಾಡಿದ ಎಡವಟ್ಟನ್ನೇ ನಾವು ಸ್ಟೈಲ್‌ಗೋಸ್ಕರ ಮತ್ತೆ ಮಾಡ್ತಿದ್ದೀವಿ.

ನಾಲ್ಕನೇದು, ಎಮೋಜಿ. ಹತ್ತು ಬೆಂಕಿ ಹಾಕಿದ್ರೆ ಅದು "ಬೆಂಕಿ, ಬೆಂಕಿ" ಅಂತ ಓದ್ತಾ ಹೋಗಬಹುದು. ಒಂದು ಸಾಕು. ಈ ಸರಣಿಯಲ್ಲಿ ಒಂದೂ ಇಲ್ಲ, ಗಮನಿಸಿದ್ರಾ?

ಐದನೇದು, ಹ್ಯಾಷ್‌ಟ್ಯಾಗ್. ಇಂಗ್ಲಿಷ್‌ನಲ್ಲಿ ಪ್ರತಿ ಪದದ ಮೊದಲ ಅಕ್ಷರ ಕ್ಯಾಪಿಟಲ್ ಮಾಡಿದ್ರೆ ಪದ ಬಿಡಿಸಿ ಓದುತ್ತೆ. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲವಲ್ಲ, ಮಧ್ಯೆ ಅಡಿಗೆರೆ ಹಾಕಿ.

ಕ್ಲಾಸ್‌ಮೇಟ್ಸ್‌ಗೆ ಒಂದು ಎಕ್ಸ್‌ಟ್ರಾ: ನೋಟ್ಸ್ ಫೋಟೋ ತೆಗೆದು ಗ್ರೂಪಿಗೆ ಹಾಕ್ತೀವಲ್ಲ, ಜೊತೆಗೆ ಟೈಪ್ ಮಾಡಿದ್ದೂ ಇರಲಿ. ಇಡೀ ಕ್ಲಾಸ್ ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ಎರಡು ಪುಟ ಬರುತ್ತೆ.

ನಾನು ವಿಜಯನಗರದ ಪೋಸ್ಟ್ ಮತ್ತೆ ಹಾಕಿದೆ. ಹತ್ತೂ ಸ್ಲೈಡಿನ ಅಕ್ಷರ ಕ್ಯಾಪ್ಷನ್‌ಗೆ ಬಂತು, ಪ್ರತಿ ಫೋಟೋಗೂ ವಿವರಣೆ ಬರೆದೆ. ರಾತ್ರಿ ಹನ್ನೊಂದಕ್ಕೆ ದೋಸ್ತ್ ವಾಯ್ಸ್ ನೋಟ್ ಕಳಿಸಿದ.

"ಓದಿದೆ ಕಣೋ. ಚೆನ್ನಾಗಿದೆ. ಆದ್ರೆ ತಾಳಿಕೋಟೆ ಯುದ್ಧ 1556 ಅಂತ ಹಾಕಿದ್ದೀಯ. ಅದು 1565. ಹೋಗಿ ಸರಿ ಮಾಡು."

ಹೋಗಿ ನೋಡಿದೆ. ನಿಜ. ಹಳೇ ಸ್ಲೈಡಲ್ಲೂ ಅದೇ ತಪ್ಪಿತ್ತು. ಕ್ಲಾಸಿನ ಅರ್ಧ ಜನ ಸೇವ್ ಮಾಡ್ಕೊಂಡಿದ್ರು, ಒಬ್ಬರೂ ಹೇಳಿರಲಿಲ್ಲ. ಆ ಪೋಸ್ಟ್‌ನ ಗಮನ ಇಟ್ಟು ಓದುವವನು ಕ್ಲಾಸಲ್ಲೇ ಇದ್ದ. ಇಷ್ಟು ದಿನ ನಾನು ಅವನಿಗೆ ಓದೋಕೇ ಕೊಟ್ಟಿರಲಿಲ್ಲ.

ಸರಿ ಮಾಡಿದ್ದೀನಿ. ಈ ಹತ್ತು ಭಾಗದಲ್ಲೂ ತಪ್ಪು ಕಂಡ್ರೆ ಕಾಮೆಂಟಲ್ಲಿ ಹೇಳಿ. ದೋಸ್ತ್ ಅಂತೂ ಹೇಳೇ ಹೇಳ್ತಾನೆ.

#ಸ್ಕ್ರೀನ್_ರೀಡರ್ #ಫೋಟೋ_ವಿವರಣೆ #ಇತಿಹಾಸದ_ಕಥೆ #ಕನ್ನಡ